ಜೋಡಿ ಚಿತ್ರಗಳ ನ್ಯಾಯ

ಪರಸ್ಪರ ಬಹು ಭಿನ್ನವಾದ ಎರಡು ಸಮಾಜಗಳ ದಿನಬಳಕೆಯ ಬದುಕನ್ನು ಒಂದೇ ಹಾಳೆಯ ಎಡಬಲಗಳಲ್ಲಿ ಚಿತ್ರಿಸಿ, ಅಲ್ಲಿ ಹಾಗೆ, ಇಲ್ಲಿ ಹೀಗೆ ಎಂದು ತೋರಿಸುವ ಪದ್ಧತಿಯು ಇಂದು ಪಾಠಪುಸ್ತಕದಿಂದ ಮೊದಲುಗೊಂಡು ಮೊಬೈಲಿನ ಪರದೆಯವರೆಗೆ ಎಲ್ಲೆಲ್ಲಿಯೂ ಹಬ್ಬಿದೆ. ಹತ್ತು ಪುಟಗಳ ವರ್ಣನೆಯಿಂದ ಆಗದ ಕಾರ್ಯವನ್ನು ಅಂತಹದೊಂದು ಜೋಡಿ ಚಿತ್ರವು ಕ್ಷಣಮಾತ್ರದಲ್ಲಿ ಸಾಧಿಸಬಲ್ಲುದು. ಅಕ್ಷರಜ್ಞಾನವಿಲ್ಲದವರಿಗೂ, ಅನ್ಯಭಾಷೆಯವರಿಗೂ ಅದು ಸಮಾನವಾಗಿ ತಿಳಿಯುತ್ತದೆ. ಆದರೆ ಅದೇ ಕ್ಷಣದಲ್ಲಿ ನೋಡುವವರ ಮನಸ್ಸಿನಲ್ಲಿ ಇವೆರಡರಲ್ಲಿ ಮೇಲಾವುದು, ಕೀಳಾವುದು ಎಂಬ ತೀರ್ಪೂ ಹುಟ್ಟಿಬಿಡುತ್ತದೆ. ಮಾತಿನಲ್ಲಿ ಹೇಳಿದ ಹೋಲಿಕೆಗಾದರೆ ‘ಆದರೆ’, ‘ಹಾಗಿದ್ದರೂ’ ಎಂಬ ಎಡೆಗಳುಂಟು. ಚಿತ್ರಕ್ಕೆ ಅಂತಹ ಎಡೆಯಿಲ್ಲ. ಆದುದರಿಂದ ಎರಡು ಬದುಕುಗಳನ್ನು ಜೊತೆಜೊತೆಯಾಗಿ ಚಿತ್ರಿಸಲು ಹೊರಟವರು ಎರಡಕ್ಕೂ ನ್ಯಾಯ ಸಲ್ಲಿಸಿದ್ದಾರೆಯೇ ಎಂಬ ಪ್ರಶ್ನೆಯು ಕೇವಲ ಕಲಾವಿಮರ್ಶಕರದಲ್ಲ, ನಮ್ಮೆಲ್ಲರದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಆಗಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಪ್ರಶ್ನೆಯನ್ನು ಎತ್ತುತ್ತಿದ್ದೇನೆ. ಈ ಸೀಮೆಯ ಬದುಕನ್ನು ಎರಡು ಶತಮಾನಗಳ ಹಿಂದೆಯೇ ಪರದೇಶದ ಓದುಗರ ಮುಂದೆ ಚಿತ್ರವಾಗಿ ಇಟ್ಟದ್ದುಂಟು. ಆದರೆ ಈ ಸೀಮೆಯ ಮಕ್ಕಳು ತಮ್ಮ ಬದುಕನ್ನು ತಾವೇ ಚಿತ್ರಿಸಿ ಮತ್ತೊಂದು ಬದುಕಿನ ಪಕ್ಕದಲ್ಲಿ ಇಟ್ಟು ನೋಡುವ ಅಭ್ಯಾಸವನ್ನು ನಾವು ಇನ್ನೂ ಬೆಳೆಸಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು, ಟಿಪ್ಪು ಸುಲ್ತಾನನು ಮಡಿದ ಮೇಲೆ, ಹೊಸದಾಗಿ ಕೈವಶವಾದ ನಾಡಿನಲ್ಲಿ ಏನು ಬೆಳೆಯುತ್ತದೆ, ಜನರು ಹೇಗೆ ಜೀವಿಸುತ್ತಾರೆ, ಯಾವ ಕೈಕಸುಬುಗಳಿವೆ ಎಂಬುದನ್ನು ವಿಚಾರಿಸಿ ವರದಿಮಾಡುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ನೇಮಿಸಿದನು. ಈತನು 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲೆಲ್ಲ ಸಂಚರಿಸುತ್ತ, ಆ ಮಾರ್ಗದಲ್ಲಿ ಮಧುಗಿರಿಯನ್ನೂ ಶಿರಾವನ್ನೂ ಕಂಡನು. ಅವನ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ, ಭೂಪಟದೊಡನೆ ಮತ್ತು ಅನೇಕ ಕೆತ್ತನೆಯ ಚಿತ್ರಫಲಕಗಳೊಡನೆ ಪ್ರಕಟವಾಯಿತು. ನಮ್ಮ ರೈತನ ನೇಗಿಲು, ಕುಂಟೆ, ಕೂರಿಗೆಗಳು ಆ ಫಲಕಗಳಲ್ಲಿ ಅಂಕಿಗಳ ಗುರುತಿನೊಡನೆ ಅಚ್ಚಾಗಿವೆ. ಪಕ್ಕದಲ್ಲಿ ಇಂಗ್ಲೆಂಡಿನ ಉಪಕರಣದ ಚಿತ್ರವಿಲ್ಲದಿದ್ದರೂ ಇದು ಜೋಡಿ ಚಿತ್ರವೇ ಸರಿ. ಏಕೆಂದರೆ ಜೋಡಿಯ ಮತ್ತೊಂದರ್ಧವು ಆ ಪುಸ್ತಕವನ್ನು ಬಿಡಿಸಿದ ಪ್ರತಿಯೊಬ್ಬ ಇಂಗ್ಲಿಷ್ ಭೂಮಾಲಿಕನ ಕಣ್ಣಿನಲ್ಲಿ ಮೊದಲೇ ನೆಲೆಸಿತ್ತು.

ಆ ಕೂರಿಗೆಯ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೂರಿಗೆಯೆಂದರೆ ಅಡ್ಡಮರವೊಂದಕ್ಕೆ ಸಾಲಾಗಿ ನೆಟ್ಟ ತಾಳುಗಳು, ಪ್ರತಿಯೊಂದು ತಾಳಿನ ಬೆನ್ನಿಗೂ ಇಳಿದುಬರುವ ಬಿದಿರಿನ ಕೊಳವೆ, ಕೊಳವೆಗಳೆಲ್ಲ ಮೇಲೆ ಒಂದಾಗಿ ಬಂದು ಸೇರುವ ಮರದ ಬಟ್ಟಲು, ಎತ್ತುಗಳ ನೊಗಕ್ಕೆ ಹೂಡುವ ಈಸು: ಇಷ್ಟೇ. ಇಷ್ಟನ್ನು ಚಿತ್ರಕಾರನು ನಿಷ್ಠೆಯಿಂದ ಬರೆದರೆ ಉಪಕರಣವು ಪೂರ್ಣವಾಯಿತೆಂದು ಯಾರಿಗಾದರೂ ತೋರುತ್ತದೆ. ಆದರೆ ರಾಗಿ ಬಿತ್ತುವ ಹೊಲವನ್ನು ನೋಡಿದವರಿಗೆ ಗೊತ್ತು, ಕೂರಿಗೆಯ ಅತಿಮುಖ್ಯವಾದ ಅಂಗವು ಆ ಮರದಲ್ಲಿಲ್ಲ. ಅದು ಬಟ್ಟಲಿಗೆ ಬೀಜ ಬಿಡುತ್ತ ಜೊತೆಯಲ್ಲಿ ನಡೆಯುವ ಹೆಂಗಸಿನ ಮುಷ್ಟಿಯಲ್ಲಿದೆ. ಎತ್ತಿನ ನಡಿಗೆ ಚುರುಕಾದಾಗ ಬೆರಳು ಸಡಿಲವಾಗಬೇಕು, ನಿಧಾನವಾದಾಗ ಬಿಗಿಯಾಗಬೇಕು. ಯಾವ ಕೊಳವೆಗೂ ಹೆಚ್ಚಾಗದಂತೆ, ಯಾವ ಕೊಳವೆಯೂ ಬರಿದಾಗದಂತೆ, ಸಾಸಿವೆಯಷ್ಟು ಸಣ್ಣ ಕಾಳು ಸಮಪ್ರಮಾಣದಲ್ಲಿ ಸುರಿಯುತ್ತಿರಬೇಕು. ಹಿಂದೆ ಇನ್ನೊಬ್ಬಳು, ಹಗ್ಗದಿಂದ ಕಟ್ಟಿದ ಪ್ರತ್ಯೇಕವಾದ ಕೊಳವೆಯೊಂದನ್ನು ಹಿಡಿದು, ಅವರೆಯನ್ನೋ ತೊಗರಿಯನ್ನೋ ಅಕ್ಕಡಿಯ ಸಾಲಿಗೆ ಬಿಡುತ್ತ ಬರುತ್ತಾಳೆ. ಮಳೆ ಬಂದ ಮೇಲೆ ಪೈರು ಹದವಾಗಿ, ಸಾಲಾಗಿ ಮೇಲೇಳುವುದು ಈ ಇಬ್ಬರು ಹೆಂಗಸರ ಬೆರಳಿನ ಜಾಣ್ಮೆಯಿಂದ.

ಇಂಗ್ಲೆಂಡಿನಲ್ಲಿ ಜೆತ್ರೊ ಟಲ್ ಎಂಬಾತನು 1701ರ ಸುಮಾರಿಗೆ ರಚಿಸಿದ ಬಿತ್ತನೆಯ ಯಂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅದರಲ್ಲಿ ಬೀಜವನ್ನು ಅಳೆದು ಕೆಳಗೆ ಬಿಡುವ ಕಾರ್ಯವನ್ನು ಕಚ್ಚುಗಳಿರುವ, ತಿರುಗುವ ಉರುಳೆಯೊಂದು ಮಾಡುತ್ತಿತ್ತು. ಆದುದರಿಂದ ಟಲ್ಲನ ಯಂತ್ರವನ್ನು ಮನುಷ್ಯರಿಲ್ಲದೆ ಬರೆದರೂ ಚಿತ್ರವು ಪೂರ್ಣ; ಕೂರಿಗೆಯನ್ನು ಮನುಷ್ಯರಿಲ್ಲದೆ ಬರೆದರೆ ಚಿತ್ರವು ಅರ್ಧ. ಇಬ್ಬರಿಗೂ ಒಂದೇ ನಿಯಮ, ಉಪಕರಣವನ್ನು ಮಾತ್ರ ಬರೆಯತಕ್ಕದ್ದು ಎಂಬ ನಿಯಮ, ಎಂದು ಚಿತ್ರಕಾರನು ಹೇಳಿಕೊಳ್ಳಬಹುದು. ಆದರೆ ಒಂದೇ ನಿಯಮವು ಒಂದು ಸಮಾಜಕ್ಕೆ ನ್ಯಾಯವಾಗಿ ಮತ್ತೊಂದಕ್ಕೆ ಅನ್ಯಾಯವಾಗುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. ಯಂತ್ರದಲ್ಲಿ ಕೌಶಲವನ್ನು ಅಡಗಿಸಿಟ್ಟ ಸಮಾಜವು ಅಂತಹ ಚಿತ್ರದಲ್ಲಿ ಬುದ್ಧಿಶಾಲಿಯಾಗಿ ತೋರುತ್ತದೆ; ಕೈಯಲ್ಲಿ ಕೌಶಲವನ್ನು ಉಳಿಸಿಕೊಂಡ ಸಮಾಜವು ನಾಲ್ಕು ಕೋಲು, ಒಂದು ಬಟ್ಟಲಿನ ಒಡೆಯನಾಗಿ ನಿಲ್ಲುತ್ತದೆ. ತಾಮಸ್ ಹಾಲ್ಕಟ್ ಎಂಬ ಸೇನಾಧಿಕಾರಿಯು ಬುಕಾನನ್ನನಿಗೂ ಕೆಲವು ವರ್ಷ ಮುಂಚೆಯೇ, 1790ರ ದಶಕದಲ್ಲಿ, ತೆಲುಗು ಸೀಮೆಯ ಹೊಲಗಳಲ್ಲಿ ಕೂರಿಗೆಯ ಬಿತ್ತನೆಯನ್ನು ಕಣ್ಣಾರೆ ಕಂಡು, ಸಾಲುಬಿತ್ತನೆಯು ಯೂರೋಪಿನ ನವೀನ ಶೋಧನೆಯೆಂಬ ತನ್ನ ನಂಬಿಕೆಯು ತಪ್ಪಾಗಿತ್ತೆಂದು ಇಂಗ್ಲೆಂಡಿನ ಕೃಷಿ ಮಂಡಳಿಗೆ ಬರೆದನು. ಹೊಲದಲ್ಲಿ ನಿಂತವನಿಗೆ ಕಂಡದ್ದು ಫಲಕವನ್ನು ಮಾತ್ರ ನೋಡಿದವನಿಗೆ ಕಾಣಲಾರದು.

ಬುಕಾನನ್ನನ ವಿಷಯದಲ್ಲಿ ಅನ್ಯಾಯವಾಗದಂತೆ ಒಂದು ಮಾತನ್ನು ಸೇರಿಸಬೇಕು. ಅವನ ಬರವಣಿಗೆಯು ಅವನ ಫಲಕಗಳಿಗಿಂತ ಉದಾರವಾದುದು. ಊರೂರಿನಲ್ಲಿ ರೈತರನ್ನು ಕೂಡಿಸಿ, ಎಷ್ಟು ಸಲ ಉಳುತ್ತೀರಿ, ಎಷ್ಟು ಬೀಜ ಹಾಕುತ್ತೀರಿ, ಕೂಲಿಯೆಷ್ಟು, ಕಂದಾಯವೆಷ್ಟು ಎಂದು ಕೇಳಿ ಬರೆದುಕೊಂಡ ತಾಳ್ಮೆಯು ಆ ಕಾಲದ ಪ್ರವಾಸಿಗರಲ್ಲಿ ವಿರಳವಾಗಿತ್ತು. ಅವನ ತೀರ್ಪುಗಳು ಹಲವೆಡೆ ಕಠಿಣವಾದರೂ ಇಂದು ಈ ಸೀಮೆಯ ಪೂರ್ವಸ್ಥಿತಿಯನ್ನು ತಿಳಿಯಬಯಸುವವರು ಅವನ ಬಳಿಗೆ ಹೋಗದೆ ವಿಧಿಯಿಲ್ಲ. ಅವನು ವಿವರಿಸಿದ ಕಸುಬುಗಳಲ್ಲಿ ಇಂದು ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದ ಸುತ್ತಣ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯೂ ಒಂದು. ಮಳೆಯ ನೀರು ಬೆಟ್ಟದಿಂದ ತೊಳೆದು ತಂದ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆದು, ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಯೊಡನೆಯೂ ಹಸಿರೆಲೆಯೊಡನೆಯೂ ಮಣ್ಣಿನ ಮೂಸೆಯಲ್ಲಿಟ್ಟು ಮುಚ್ಚಿ, ತಿದಿಯೊತ್ತಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸಿ, ಆರಿದ ಮೇಲೆ ಮೂಸೆಯನ್ನು ಒಡೆದು ಉಕ್ಕಿನ ಗಟ್ಟಿಯನ್ನು ತೆಗೆಯುತ್ತಿದ್ದರು. ಕಲ್ಲುಕುಟಿಗರ ಉಳಿಗೆ ಬೇಕಾದ ಉಕ್ಕು ಇದೇ.

ಆ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಡೆಯುತ್ತಿದ್ದುದೇನು? ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರನು, ಸ್ಪ್ರಿಂಗುಗಳಿಗೆ ಒಳ್ಳೆಯ ಉಕ್ಕು ಸಿಕ್ಕದೆ, 1740ರ ದಶಕದಲ್ಲಿ ತಾನೂ ಮಣ್ಣಿನ ಮೂಸೆಯಲ್ಲಿಯೇ ಉಕ್ಕನ್ನು ಕರಗಿಸುವ ವಿಧಾನವನ್ನು ಸಿದ್ಧಪಡಿಸಿದ್ದನು. ಅಲ್ಲಿ ಮೂಸೆಯನ್ನು ಒಡೆಯದೆ ಇಕ್ಕುಳದಿಂದ ಮೇಲೆತ್ತಿ ಅಚ್ಚಿಗೆ ಎರೆಯುತ್ತಿದ್ದರು. 1800ರಲ್ಲಿ ಯಾರಾದರೂ ಸಮದೃಷ್ಟಿಯ ಚಿತ್ರಕಾರನು ಚನ್ನರಾಯನದುರ್ಗದ ಕುಲುಮೆಯನ್ನೂ ಶೆಫೀಲ್ಡಿನ ಕುಲುಮೆಯನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದರೆ, ಇಲ್ಲಿ ಇದ್ದಿಲು ಅಲ್ಲಿ ಕಲ್ಲಿದ್ದಲಿನ ಕೋಕು, ಇಲ್ಲಿ ಉಳಿ ಅಲ್ಲಿ ಗಡಿಯಾರದ ಸ್ಪ್ರಿಂಗು ಎಂಬ ಭೇದಗಳ ನಡುವೆಯೂ, ಬೆಂಕಿಯ ಮುಂದೆ ಬಾಗಿ ಬಣ್ಣವನ್ನು ನೋಡಿಯೇ ಹದವನ್ನು ತಿಳಿಯುವ ಇಬ್ಬರು ಮನುಷ್ಯರು ಅಣ್ಣತಮ್ಮಂದಿರಂತೆ ಕಾಣಿಸುತ್ತಿದ್ದರು. ಜೋಡಿ ಚಿತ್ರವು ಭೇದವನ್ನು ತೋರಿಸುವುದಕ್ಕೆಂದೇ ಹುಟ್ಟಿದೆಯೆಂದು ಭಾವಿಸುವುದು ತಪ್ಪು. ಭೇದವು ಹೇಗೂ ಎದ್ದು ಕಾಣುತ್ತದೆ. ಸಾಮ್ಯವನ್ನು ಕಾಣಿಸಲು ಎರಡು ಕಡೆಗೂ ಸಮಾನವಾದ ಗಮನವನ್ನು ಕೊಡಬೇಕಾಗುತ್ತದೆ, ಮತ್ತು ಆ ಗಮನದಲ್ಲಿಯೇ ಚಿತ್ರಕಾರನ ಸತ್ಯನಿಷ್ಠೆಯ ಪರೀಕ್ಷೆಯಾಗುತ್ತದೆ.

ನಾವು ಇಂಗ್ಲಿಷರನ್ನು ಬರೆದಾಗಲಾದರೂ ನ್ಯಾಯವಾಗಿ ಬರೆದೆವೇ ಎಂದು ಕೇಳಬೇಕಾದುದು ಧರ್ಮ. ಮೊಗಲರ ಕಾಲದಲ್ಲಿ ಸುಬಾದ ರಾಜಧಾನಿಯಾಗಿ ಮೆರೆದ ಶಿರಾದಲ್ಲಿ ದಿಲಾವರ್ ಖಾನನು ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮೇಲ್ಪಂಕ್ತಿಯಾಯಿತೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ; ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲೆಗೊಳಿಸಿದರೆಂಬ ವೃತ್ತಾಂತವೂ ಅಲ್ಲಿದೆ. ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವುಂಟು. ಮೈಸೂರಿನ ಸವಾರರಲ್ಲಿ ಒಬ್ಬೊಬ್ಬನ ಮೀಸೆ, ಉಡುಪು, ಭಂಗಿಗಳು ಬೇರೆಬೇರೆಯಾಗಿರಲು, ಇಂಗ್ಲಿಷ್ ಸಿಪಾಯಿಗಳು ಕೆಂಪಂಗಿ ತೊಟ್ಟು, ಮೀಸೆಯಿಲ್ಲದ ಒಂದೇ ಮುಖವನ್ನು ಹೊತ್ತು, ಸಾಲಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಅವರ ದಳಪತಿ ಕರ್ನಲ್ ಬೇಲಿಯು ಬೆರಳು ಕಚ್ಚಿಕೊಂಡಿದ್ದಾನೆ. ಇಂದು ಕಾಣುವ ಬಣ್ಣಗಳು ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ತಿದ್ದಿ ಬರೆಸಿದವಾದರೂ ಮೂಲದ ದೃಷ್ಟಿಯು ಅಳಿದಿಲ್ಲ. ನಮ್ಮವರಿಗೆ ಮುಖಗಳುಂಟು, ಪರರಿಗೆ ವೇಷ ಮಾತ್ರ ಉಂಟು ಎಂಬ ಭ್ರಮೆಯು ಯಾವ ಒಂದು ದೇಶದ ಸ್ವತ್ತೂ ಅಲ್ಲ.

ಈ ಭ್ರಮೆಯನ್ನು ನಿಯಮದಿಂದ ನಿವಾರಿಸಲು ಹೆಣಗಿದವರಲ್ಲಿ ವಿಯೆನ್ನಾದ ಒಟ್ಟೊ ನ್ಯೂರಾಟನನ್ನು ನೆನೆಯಬೇಕು. 1925ರಲ್ಲಿ ಅಲ್ಲಿ ಅವನು ಸ್ಥಾಪಿಸಿದ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯದಲ್ಲಿ, ಗೆರ್ಡ್ ಆರ್ಂಟ್ಸ್ ಎಂಬ ಕಲಾವಿದನ ಕೈಯಿಂದ ಮೂಡಿದ ಚಿಕ್ಕ ಚಿಕ್ಕ ಆಕೃತಿಗಳ ಮೂಲಕ, ದೇಶದೇಶಗಳ ಜನನಮರಣ, ದುಡಿಮೆ, ವಸತಿಗಳನ್ನು ಶ್ರಮಜೀವಿಗಳಿಗೂ ತಿಳಿಯುವಂತೆ ಚಿತ್ರಿಸಲಾಗುತ್ತಿತ್ತು. ಹೆಚ್ಚು ಪ್ರಮಾಣವನ್ನು ತೋರಿಸಬೇಕಾದಲ್ಲಿ ಆಕೃತಿಯನ್ನು ದೊಡ್ಡದು ಮಾಡದೆ ಅದೇ ಅಳತೆಯ ಆಕೃತಿಗಳನ್ನು ಹೆಚ್ಚಿಸಬೇಕೆಂಬುದು ಅವನ ಕಟ್ಟಳೆ. ಇದರಲ್ಲಿ ಗಣಿತದ ಶುದ್ಧಿಯೊಡನೆ ಒಂದು ನೀತಿಯೂ ಇದೆ, ಯಾವ ದೇಶದ ಮನುಷ್ಯನೂ ಮತ್ತೊಬ್ಬನಿಗಿಂತ ಎತ್ತರವಾಗಿ ನಿಲ್ಲಲಾರನು. ಆದರೂ ಜಗತ್ತಿನ ಜನವರ್ಗಗಳನ್ನು ಗುರುತಿಸಲು ಒಬ್ಬನಿಗೆ ಹ್ಯಾಟು, ಒಬ್ಬನಿಗೆ ರುಮಾಲು, ಒಬ್ಬನಿಗೆ ಶಂಕುವಿನಂತಹ ಟೊಪ್ಪಿಗೆಯನ್ನು ತೊಡಿಸುವ ಹಳೆಯ ಮಾರ್ಗವನ್ನು ಅವರಿಂದಲೂ ಬಿಡಲಾಗಲಿಲ್ಲ. ನ್ಯೂರಾಟನ ಮರಣಾನಂತರ ಅವನ ಪತ್ನಿ ಮೇರಿ ನ್ಯೂರಾಟಳು 1950ರ ದಶಕದಲ್ಲಿ ಪಶ್ಚಿಮ ನೈಜೀರಿಯಕ್ಕೆ ಹೋಗಿ, ಯೂರೋಪಿನಲ್ಲಿ ಬಳಸಿದ ಆಕೃತಿಗಳು ಅಲ್ಲಿ ಹೊಂದವೆಂಬುದನ್ನು ಮನಗಂಡು, ಉಡುಪು, ಮನೆ, ಬಣ್ಣಗಳನ್ನು ಅಲ್ಲಿನವರ ಬಾಳಿಗೆ ತಕ್ಕಂತೆ ಮಾರ್ಪಡಿಸಿದಳು. ವಿಯೆನ್ನಾದ ನಿಯಮಕ್ಕಿಂತ ಈ ವಿನಯವೇ ದೊಡ್ಡದೆಂದು ನನ್ನ ಭಾವನೆ.

ನಮ್ಮ ಕಾಲದಲ್ಲಿ ಈ ಪದ್ಧತಿಗೆ ಜಗದ್ವ್ಯಾಪಿಯಾದ ಪ್ರಸಿದ್ಧಿಯನ್ನು ತಂದವಳು ಯಾಂಗ್ ಲಿಯು. ಬೀಜಿಂಗಿನಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿನಲ್ಲಿ ಜರ್ಮನಿಗೆ ಹೋದ ಈ ಕಲಾವಿದೆಯು 2007ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ ಒಂದು ಕಡೆ ನೀಲಿಯ ಹಿನ್ನೆಲೆಯಲ್ಲಿ ಜರ್ಮನಿ, ಇನ್ನೊಂದು ಕಡೆ ಕೆಂಪಿನಲ್ಲಿ ಚೀನ. ಸಾಲಿನಲ್ಲಿ ನಿಲ್ಲುವ ರೀತಿ, ಭೋಜನಗೃಹದ ಗದ್ದಲ, ಮೇಲಧಿಕಾರಿಯ ಎತ್ತರ, ಮುಪ್ಪಿನ ದಿನಗಳಲ್ಲಿ ಒಬ್ಬರ ಜೊತೆಗೆ ನಾಯಿ, ಮತ್ತೊಬ್ಬರ ಜೊತೆಗೆ ಮೊಮ್ಮಗು: ಎಲ್ಲವೂ ಕೆಲವೇ ಗೆರೆಗಳಲ್ಲಿ. ಎರಡು ನೆಲಗಳಲ್ಲಿಯೂ ಬಾಳಿ, ಎರಡನ್ನೂ ಪ್ರೀತಿಸಿದವಳಾದುದರಿಂದ ಅವಳ ಗೆರೆಯಲ್ಲಿ ತಿರಸ್ಕಾರವಿಲ್ಲ. ಅವಳನ್ನು ಅನುಕರಿಸಿದ ಅಸಂಖ್ಯ ಚಿತ್ರಗಳಲ್ಲಿ ಆ ಪ್ರೀತಿಯು ಕಾಣೆಯಾಗಿ, ಪೂರ್ವದವರು ಹೀಗೆ, ಪಶ್ಚಿಮದವರು ಹಾಗೆ ಎಂಬ ಒಣ ಸೂತ್ರಗಳು ಮಾತ್ರ ಉಳಿದಿವೆ. ಅವಳ ವಿಧಾನದಲ್ಲಿಯೂ ಒಂದು ಮಿತಿಯುಂಟು: ಇಡೀ ಚೀನಕ್ಕೆ ಒಂದೇ ಕೆಂಪು, ಇಡೀ ಜರ್ಮನಿಗೆ ಒಂದೇ ನೀಲಿ. ಒಂದು ದೇಶದೊಳಗೇ, ಒಂದು ತಾಲ್ಲೂಕಿನೊಳಗೇ, ಎರಡು ಸಮಾಜಗಳಿರಬಹುದೆಂಬುದಕ್ಕೆ ಅಲ್ಲಿ ಎಡೆಯಿಲ್ಲ.

ಪಾವಗಡವನ್ನು ನೋಡಿ. ಮೂರು ದಿಕ್ಕಿನಲ್ಲಿಯೂ ಆಂಧ್ರದಿಂದ ಸುತ್ತುವರಿದು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿಯನ್ನು ಸಹಜವಾಗಿ ಹೊತ್ತ, ಮಳೆಯ ವಿಷಯದಲ್ಲಿ ನಿರ್ಭಾಗ್ಯವಾದ ಈ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳಲ್ಲಿ 13,000 ಎಕರೆಯ ಮೇಲೆ ಹರಡಿ, 2,050 ಮೆಗಾವ್ಯಾಟ್ ಸಾಮರ್ಥ್ಯವುಳ್ಳ ಸೌರವಿದ್ಯುತ್ ಸ್ಥಾವರವು 2018ರಿಂದ ಮೊದಲಾಗಿ ಹಂತಹಂತವಾಗಿ ನೆಲೆಗೊಂಡಿದೆ. ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆಯುಂಟು. ಹಿಂದೆ ಕಡಲೆಕಾಯಿಯ ಹೊಲ, ಇಂದು ಫಲಕಗಳ ಸಾಲು ಎಂದು ಎರಡು ಚಿತ್ರಗಳನ್ನು ಬರೆದು ಪ್ರಗತಿಯನ್ನು ತೋರಿಸುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಹಳೆಯ ಚಿತ್ರದಲ್ಲಿ ಕಡಲೆಕಾಯಿ ಕೀಳುತ್ತಿದ್ದ, ಸ್ವಂತ ನೆಲವಿಲ್ಲದ ಕೂಲಿಯ ಹೆಂಗಸು ಹೊಸ ಚಿತ್ರದಲ್ಲಿ ಎಲ್ಲಿ ನಿಂತಿದ್ದಾಳೆ, ಕುರಿಮಂದೆಯು ಈಗ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದನ್ನು ಆ ಊರಿನ ಮಗುವೇ ಬರೆಯಬೇಕು. ಬಾಡಿಗೆ ಬರುವ ಮನೆ, ಕೂಲಿ ತಪ್ಪಿದ ಮನೆಗಳೆರಡನ್ನೂ ಆ ಮಗುವು ಒಂದೇ ಬೀದಿಯಲ್ಲಿ ದಿನವೂ ಕಾಣುತ್ತಿದೆ.

ಆದರೆ ನಮ್ಮ ಮಕ್ಕಳು ಬರೆಯುತ್ತಿರುವುದೇನು? ಪ್ರತಿಭಾ ಕಾರಂಜಿಯ ಚಿತ್ರಸ್ಪರ್ಧೆಗಳಲ್ಲಿ ಬಿಳಿಯ ಹಾಳೆ ಕೊಟ್ಟು ‘ನಮ್ಮ ಊರು’ ಎಂದರೆ ಸಾಕು, ಎರಡು ತ್ರಿಕೋನದ ಬೆಟ್ಟಗಳು, ನಡುವೆ ಮೂಡುವ ಸೂರ್ಯ, ಬೆಟ್ಟದಿಂದ ಇಳಿದುಬರುವ ತುಂಬಿದ ಹೊಳೆ, ದಡದಲ್ಲಿ ಇಳಿಜಾರಿನ ಹೆಂಚಿನ ಮನೆ, ಬಾಗಿದ ತೆಂಗಿನ ಮರ. ಕಿಟಕಿಯಿಂದ ಇಣುಕಿದರೆ ಏಷ್ಯದ ಅತ್ಯಂತ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರಾದ ಮಧುಗಿರಿಯ ಬೆಟ್ಟವು 3,900 ಅಡಿಗೂ ಮೀರಿ ತಲೆಯೆತ್ತಿ ನಿಂತಿದೆ. ಕೋಟೆಯ ಗೋಡೆಯು ಅದರ ಬೆನ್ನನ್ನು ಹತ್ತಿರುವುದು ಬರಿಗಣ್ಣಿಗೆ ಕಾಣುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ವರ್ಷದ ಬಹುಪಾಲು ಮರಳಿನ ಹಾಸಾಗಿರುತ್ತದೆ. ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಹೊಸ ಮನೆಗಳಿಗೆ ತಾರಸಿ. ಬೇಸಗೆಯಲ್ಲಿ ಶಿರಾದ ಕಡೆ ಮನೆಯ ಜಗಲಿಯಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ ಕುಳಿತಿರುತ್ತಾರೆ. ಗೊಲ್ಲರಹಟ್ಟಿಯ ಸುತ್ತ ಮುಳ್ಳಿನ ಬೇಲಿಯುಂಟು. ಕಳುವರಹಳ್ಳಿಯ ಜುಂಜಪ್ಪನಿಗೆ ನಡೆದುಕೊಳ್ಳುವ ಜನರ ಹೆಗಲ ಮೇಲೆ ಕಂಬಳಿಯುಂಟು. ಇವು ಯಾವುವೂ ಆ ಬಿಳಿಯ ಹಾಳೆಗೆ ಬರುವುದಿಲ್ಲ. ಮಕ್ಕಳ ಕಣ್ಣಿನಲ್ಲಿ ದೋಷವಿಲ್ಲ. ಚಿತ್ರಕ್ಕೆ ಯೋಗ್ಯವಾದುದು ಬೇರೆಲ್ಲಿಯೋ ಇದೆಯೆಂದು ನಾವು ಅವರಿಗೆ ಕಲಿಸಿದ್ದೇವೆ. ತನ್ನ ಮನೆಯನ್ನು ಬರೆಯಲು ನಾಚುವ ಮಗುವಿನ ಮುಂದೆ ಪರದೇಶದ ಮನೆಯ ಚಿತ್ರವನ್ನು ಇಟ್ಟರೆ ಅಲ್ಲಿ ಹೋಲಿಕೆಗೆ ಅವಕಾಶವೇ ಇಲ್ಲದೆ ಸೋಲು ಮಾತ್ರ ಉಳಿಯುತ್ತದೆ. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ಸಚಿತ್ರ ‘ಬಾಲಪ್ರಪಂಚ’ವನ್ನು ಹೊರತಂದು ಜಗತ್ತನ್ನು ಕನ್ನಡದ ಮಗುವಿನ ಕೈಗೆ ತಂದುಕೊಟ್ಟರು, ಆ ಮಗುವಿನ ಲೋಕವನ್ನು ಜಗತ್ತಿನ ಎದುರಿಗೆ ಇಡುವ ಉಳಿದರ್ಧದ ಕೆಲಸವು ನಮ್ಮ ಪಾಲಿಗಿದೆ.

ಇದಕ್ಕೆ ದೊಡ್ಡ ಯೋಜನೆಯೂ ಹೆಚ್ಚಿನ ಧನವೂ ಬೇಕಿಲ್ಲ. ಮಧುಗಿರಿಯಲ್ಲಿ ಶಿಕ್ಷಕರ ತರಬೇತಿಗೆಂದೇ ಡಯಟ್ ಸಂಸ್ಥೆಯಿದೆ. ನಾಲ್ಕು ತಾಲ್ಲೂಕಿನ ಶಾಲೆಗಳನ್ನು ಅದು ಜೋಡಿಮಾಡಲಿ: ಕೊರಟಗೆರೆಯ ತೋಟದ ಊರಿಗೆ ಪಾವಗಡದ ಬಯಲಿನ ಊರು, ಶಿರಾ ಪಟ್ಟಣದ ಶಾಲೆಗೆ ಮಿಡಿಗೇಶಿಯ ಸುತ್ತಣ ಹಳ್ಳಿಯ ಶಾಲೆ. ಮೊದಲು ಈ ನೆರೆಹೊರೆಯ ಹೋಲಿಕೆಯಲ್ಲಿ ಕೈ ಪಳಗಲಿ. ಅನಂತರ ಅಮೆರಿಕ, ಇಂಗ್ಲೆಂಡುಗಳ ಕನ್ನಡ ಕೂಟಗಳು ವಾರಾಂತ್ಯದಲ್ಲಿ ನಡೆಸುವ ಕನ್ನಡ ತರಗತಿಗಳ ಮಕ್ಕಳೊಡನೆ ಚಿತ್ರಗಳ ವಿನಿಮಯವಾಗಲಿ. ಬರೆಯುವವರು ತಮ್ಮ ಕಡೆಯ ಚಿತ್ರವನ್ನು ಮಾತ್ರ ಬರೆಯತಕ್ಕದ್ದು. ಎದುರಿನ ಪುಟವನ್ನು ಎದುರಿನವರೇ ತುಂಬತಕ್ಕದ್ದು. ಎರಡು ಪುಟಗಳಲ್ಲಿಯೂ ಮನುಷ್ಯರ ಅಳತೆ ಒಂದೇ ಆಗಿರಬೇಕು. ಯಾವ ಉಪಕರಣವನ್ನೂ ಅದನ್ನು ಹಿಡಿದ ಕೈಯಿಲ್ಲದೆ ಬರೆಯಕೂಡದು. ಚಿತ್ರದಲ್ಲಿ ಇರುವವರಿಗೆ ಮೊದಲು ಚಿತ್ರವನ್ನು ತೋರಿಸಿ, ಅವರು ಹೇಳಿದ ತಿದ್ದುಪಡಿಯನ್ನು ಮಾಡಬೇಕು. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಯಲ್ಲಿಯೂ ಇಷ್ಟನ್ನು ಪರಿಸರ ಅಧ್ಯಯನದ ಪಾಠದೊಡನೆ ನಡೆಸಬಹುದು. ವರ್ಷಾಂತ್ಯದಲ್ಲಿ ಆರಿಸಿದ ಪುಟಗಳನ್ನು ಹೊಲಿದು ಒಂದು ಪುಸ್ತಕವನ್ನಾಗಿ ಮಾಡಿದರೆ ಮುಂದಿನ ತರಗತಿಗೆ ಅದೇ ಪಾಠವಾಗುತ್ತದೆ.

ಮೊದಲ ವರ್ಷದ ವಿಷಯವು ನೀರಾಗಲಿ. ಫ್ಲೋರೈಡಿನ ಬಾಧೆಯಿರುವ ಪಾವಗಡದ ಊರಿನಲ್ಲಿ ಶುದ್ಧನೀರಿನ ಘಟಕದ ಮುಂದೆ ನಾಣ್ಯ ಹಾಕಿ ಕ್ಯಾನು ತುಂಬಿಸುವವರು ಯಾರು, ಅದನ್ನು ಸೈಕಲ್ಲಿನ ಮೇಲೆ ಹೊರುವವರು ಯಾರು, ಬೋರ್‌ವೆಲ್ಲಿನ ನೀರನ್ನು ಯಾವುದಕ್ಕೆ ಬಳಸುತ್ತಾರೆ, ಘಟಕ ಕೆಟ್ಟ ದಿನ ಎಲ್ಲಿಗೆ ಹೋಗುತ್ತಾರೆ ಎಂಬುದು ಎಡಪುಟದಲ್ಲಿ ಬರಲಿ. ಅಡುಗೆಮನೆಯ ನಲ್ಲಿಯಲ್ಲಿ ದಿನವಿಡೀ ನೀರು ಬರುವ ದೂರದ ಊರಿನಲ್ಲಿ ಆ ನೀರು ಯಾವ ನದಿಯಿಂದ ಬರುತ್ತದೆ, ಅದನ್ನು ಶೋಧಿಸುವವರು ಯಾರು, ತಿಂಗಳಿಗೆ ಎಷ್ಟು ಹಣ ತೆರುತ್ತಾರೆ, ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟಿದಾಗ ಮನೆಯವರು ಏನು ಮಾಡುತ್ತಾರೆ ಎಂಬುದನ್ನು ಅಲ್ಲಿನ ಮಗುವು ಬಲಪುಟದಲ್ಲಿ ಬರೆದು ಕಳುಹಿಸಲಿ.